ಬೆಳಗಿನ ರೇಡಿಯೋ ಕಾರ್ಯಕ್ರಮ: ಕೇಳಿದವರು ಡೈರಿ ಹತ್ತಿರ ಇನ್ನೊಬ್ಬರಿಗೆ ಹೇಳುವಂಥ ಹೂರಣ ಕಟ್ಟುವುದು ಹೇಗೆ?

ಬೆಳಿಗ್ಗೆ ರೇಡಿಯೋ ಮುಂದೆ ಕೂತು ಕೇಳುವವರು ಯಾರೂ ಇಲ್ಲ. ಒಬ್ಬರು ಹಾಲು ಕರೆಯುತ್ತಿರುತ್ತಾರೆ, ಇನ್ನೊಬ್ಬರು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿರುತ್ತಾರೆ, ಮತ್ತೊಬ್ಬರು ಮಗುವಿಗೆ ಜಡೆ ಹಾಕುತ್ತಾ ಒಲೆ ಕಡೆ ಒಂದು ಕಣ್ಣಿಟ್ಟಿರುತ್ತಾರೆ. ಕಿವಿ ಅರ್ಧ ಮಾತ್ರ ನಮಗೆ ಸಿಗುತ್ತದೆ, ಅದೂ ನಾಲ್ಕೈದು ನಿಮಿಷಕ್ಕೊಮ್ಮೆ ತಪ್ಪುತ್ತದೆ. ಬೆಳಗಿನ ಕಾರ್ಯಕ್ರಮ ಯೋಜಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ "ಇವತ್ತು ಏನು ಮಾತಾಡೋಣ" ಎಂಬುದಲ್ಲ. "ಈ ಹೊತ್ತಿನಲ್ಲಿ ಕೇಳುಗರ ಕೈ ಯಾವ ಕೆಲಸದಲ್ಲಿದೆ" ಎಂಬುದು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಸಮುದಾಯ ಬಾನುಲಿ (ಊರಿನವರೇ ಊರಿಗಾಗಿ ನಡೆಸುವ ಸಣ್ಣ ರೇಡಿಯೋ ಕೇಂದ್ರ) ನಡೆಸುವವರಿಗೆ, ನಡೆಸಬೇಕೆಂದಿರುವವರಿಗೆ, ಕಾಲೇಜು ಕೇಂದ್ರಗಳಲ್ಲಿ ಮೈಕ್ ಮುಂದೆ ಕೂರುವ ವಿದ್ಯಾರ್ಥಿಗಳಿಗೆ ಈ ಲೇಖನ. ಈ ಭಾಗದಲ್ಲಿ ಇದು ಹೊಸ ಕಸುಬೇನಲ್ಲ. ಸರ್ಕಾರೇತರ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಸಮುದಾಯ ಬಾನುಲಿ ಪರವಾನಗಿ ತೆರೆದದ್ದು 2006ರಲ್ಲಿ. ಅದಕ್ಕೂ ಮೊದಲೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಕೇಬಲ್ ತಂತಿಯ ಮೂಲಕ ಮನೆಗಳಿಗೆ ಊರಿನವರದೇ ದನಿ ತಲುಪಿಸುತ್ತಿತ್ತು. ಬೆಂಗಳೂರಿನ ದೊಡ್ಡ ಎಫ್‌ಎಂಗಳ ಹಾಡು ಮಾಲೂರಿಗೂ ಬರುತ್ತದೆ, ನಂದಿ ತಪ್ಪಲಿಗೂ ಬರುತ್ತದೆ. ಹಾಡಿನಲ್ಲಿ ಅವುಗಳ ಜೊತೆ ಪೈಪೋಟಿಗೆ ಇಳಿಯಬೇಡಿ. ಇವತ್ತು ನಿಮ್ಮ ಊರಿನ ವಿದ್ಯುತ್ ಮಾರ್ಗಕ್ಕೆ (ಫೀಡರಿಗೆ) ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟು ಎಷ್ಟು ಗಂಟೆಗೆ ಬರುತ್ತದೆ ಎಂದು ಅವು ಹೇಳಲಾರವು.

ಮೊದಲ ಕೆಲಸ: ಗಂಟೆವಾರು ಕೇಳುಗರ ಪಟ್ಟಿ

ಒಂದು ಹಾಳೆಯಲ್ಲಿ ಬೆಳಿಗ್ಗೆ 5.30ರಿಂದ 9.30ರವರೆಗೆ ಅರ್ಧ ಅರ್ಧ ಗಂಟೆಯ ಗೆರೆ ಎಳೆಯಿರಿ. ಪ್ರತಿ ಗೆರೆಯ ಮುಂದೆ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಎಂದು ಬರೆಯಿರಿ. ಊಹಿಸಿ ಬರೆದರೆ ಉಪಯೋಗವಿಲ್ಲ, ಹೋಗಿ ನೋಡಬೇಕು. ಒಂದು ವಾರ ದಿನಕ್ಕೊಂದು ಜಾಗ ಸಾಕು: ಹಾಲಿನ ಡೈರಿ, ಬಸ್ ನಿಲ್ದಾಣ, ಟೀ ಅಂಗಡಿ, ಶಾಲೆ ಗೇಟು, ಹೂವಿನ ಮಾರುಕಟ್ಟೆ, ಆಟೋ ನಿಲ್ದಾಣ.

ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಹೀಗಿರುತ್ತದೆ. ಆರು ಗಂಟೆಗೆ ಮುಂಚೆಯೇ ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆ ಬಸ್ಸುಗಳು ಹೊರಡುತ್ತವೆ. ರಾತ್ರಿ ಪಾಳಿ ಮುಗಿಸಿದವರು ಅದೇ ಹೊತ್ತಿಗೆ ವಾಪಸ್ ಹತ್ತುತ್ತಾರೆ. ಆರರಿಂದ ಏಳೂವರೆ ಹಾಲಿನವರ ಹೊತ್ತು. ಬಂಗಾರಪೇಟೆಯಿಂದ, ತುಮಕೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನವರು ಸ್ಟೇಷನ್ ದಾರಿಯಲ್ಲಿರುತ್ತಾರೆ. ಏಳೂವರೆಯಿಂದ ಎಂಟೂವರೆ ಮನೆಯೊಳಗಿನ ಧಾವಂತ: ಮಕ್ಕಳು, ಡಬ್ಬಿ, ಶಾಲೆ ಬಸ್ಸು. ಎಂಟೂವರೆ ಆದ ಮೇಲೆ ಮನೆ ಸ್ವಲ್ಪ ಶಾಂತವಾಗುತ್ತದೆ. ಅಂಗಡಿ ಬಾಗಿಲು ತೆಗೆಯುವವರು, ಕೆಲಸ ಮುಗಿಸಿ ಒಂದು ಲೋಟ ಕಾಫಿ ಹಿಡಿದ ಹೆಂಗಸರು, ವಯಸ್ಸಾದವರು ಆಗ ಮಾತು ಕೇಳುತ್ತಾರೆ. ಐದು ನಿಮಿಷದ ಮಾತುಕತೆ ಏನಿದ್ದರೂ ಈ ಹೊತ್ತಿಗೆ. ಅದನ್ನೇ ಏಳೂಮುಕ್ಕಾಲಕ್ಕೆ ಹಾಕಿದರೆ ಎಷ್ಟು ಚೆನ್ನಾಗಿದ್ದರೂ ಯಾರ ಕಿವಿಗೂ ಬೀಳುವುದಿಲ್ಲ.

ಅಲ್ಲಿಗೆ ಹೋದಾಗ "ನಿಮಗೆ ಏನು ಇಷ್ಟ, ಏನು ಹಾಕೋಣ?" ಎಂದು ಕೇಳಬೇಡಿ. ಉತ್ತರ ಗೊತ್ತಿರುವುದೇ: "ಹಳೇ ಹಾಡು ಹಾಕ್ರಪ್ಪಾ." ಅದರ ಬದಲು "ನಿನ್ನೆ ಬೆಳಿಗ್ಗೆ ಯಾರಿಗೆ ಫೋನ್ ಮಾಡಿದ್ರಿ, ಯಾಕೆ ಮಾಡಿದ್ರಿ?" ಎಂದು ಕೇಳಿ. ಒಬ್ಬರು ಲೈನ್‌ಮನ್‌ಗೆ ಮಾಡಿರುತ್ತಾರೆ, ಒಬ್ಬರು ಮಂಡಿಯವನಿಗೆ, ಒಬ್ಬರು ನೀರು ಬಿಡುವವನಿಗೆ, ಇನ್ನೊಬ್ಬರು "ಇವತ್ತು ಸ್ಕೂಲ್ ಇದೆಯಾ ಟೀಚರ್" ಎಂದು. ಆ ಫೋನ್ ಕರೆಗಳ ಪಟ್ಟಿಯೇ ನಿಮ್ಮ ಕಾರ್ಯಕ್ರಮದ ಬೆನ್ನೆಲುಬು. ಅಷ್ಟು ಜನ ಬೇರೆ ಬೇರೆ ಕಡೆ ಫೋನ್ ಮಾಡಿ ತಿಳಿಯುವುದನ್ನು ನೀವು ಒಂದೇ ಬಾರಿ ಹೇಳಿದರೆ, ಮರುದಿನ ಅವರು ಫೋನ್ ತೆಗೆಯುವ ಮೊದಲು ರೇಡಿಯೋ ಹಾಕುತ್ತಾರೆ.

ಗಂಟೆಯನ್ನು ಹಂಚುವುದು

ಒಂದು ಗಂಟೆಗೆ ಹೀಗೆ ಹಂಚಿಕೊಂಡು ಶುರು ಮಾಡಿ: ಹಾಡು 24 ನಿಮಿಷ, ಉಪಯುಕ್ತ ಮಾಹಿತಿ ಎರಡೆರಡು ನಿಮಿಷದ ನಾಲ್ಕು ತುಂಡು ಅಂದರೆ 8, ದಿನದ ಮುಖ್ಯ ವಿಷಯ 6, ಕೇಳುಗರ ದನಿ 5, ನಿರೂಪಕರ ಮಾತು 7, ಜಾಹೀರಾತು ಮತ್ತು ಪ್ರಕಟಣೆ 6. ಉಳಿದ 4 ನಿಮಿಷ ಖಾಲಿ ಬಿಡಿ. ಆ ನಾಲ್ಕು ನಿಮಿಷ ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಲೈವ್‌ನಲ್ಲಿ ಒಂದು ಕರೆ ಉದ್ದವಾದರೆ, ಒಂದು ತುರ್ತು ಪ್ರಕಟಣೆ ಬಂದರೆ, ಆ ಜಾಗ ಇಲ್ಲದೆ ಇಡೀ ಗಂಟೆ ಜಾರುತ್ತದೆ. 7.10ಕ್ಕೆ ಬರಬೇಕಾದ ವಿದ್ಯುತ್ ಸಮಯ 7.14ಕ್ಕೆ ಬಂದರೆ, ದಿನಾ ಆ ಹೊತ್ತಿಗೆ ಕಿವಿ ಕೊಡುವವರು ಅಷ್ಟರಲ್ಲಿ ತೋಟಕ್ಕೆ ಹೊರಟಿರುತ್ತಾರೆ. ಬೆಳಗಿನ ಕೇಳುಗರು ರೇಡಿಯೋವನ್ನು ಗಡಿಯಾರವಾಗಿ ಬಳಸುತ್ತಾರೆ: "ಆ ಒಗಟು ಬಂತು, ಬಸ್ಸಿಗೆ ಹೊತ್ತಾಯಿತು." ಆ ನಂಬಿಕೆ ಕಟ್ಟಲು ತಿಂಗಳುಗಳು ಬೇಕು, ಕೆಡಿಸಲು ಒಂದು ವಾರ ಸಾಕು.

ಪರವಾನಗಿ ಪಡೆದ ಸಮುದಾಯ ಕೇಂದ್ರವಾದರೆ ಎರಡು ಮಿತಿ ನೆನಪಿರಲಿ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಜಾಹೀರಾತು ಗಂಟೆಗೆ 12 ನಿಮಿಷ ಮೀರುವಂತಿಲ್ಲ. ಬೆಳಿಗ್ಗೆ ಅದರ ಅರ್ಧದಲ್ಲೇ ನಿಲ್ಲಿಸುವುದು ಜಾಣತನ. ಎರಡನೆಯದು, ಒಟ್ಟು ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ. 50ರಷ್ಟು ಸ್ಥಳೀಯವಾಗಿ, ಸಮುದಾಯದವರು ಸೇರಿ ಮಾಡಿದ್ದಾಗಿರಬೇಕು.

ಮುಖ್ಯ ಮಾಹಿತಿಯನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ಹೇಳಬೇಕು, ಏಕೆಂದರೆ ಕೇಳುಗರು ಬಂದು ಹೋಗುತ್ತಿರುತ್ತಾರೆ. ಆದರೆ ಅದೇ ಹಾಳೆಯನ್ನು ಮೂರು ಸಲ ಓದಬೇಡಿ. ಮೊದಲ ಸಲ ಪೂರ್ತಿ, ಎರಡನೇ ಸಲ ಬದಲಾದದ್ದು ಮಾತ್ರ, ಮೂರನೇ ಸಲ ಒಂದೇ ವಾಕ್ಯ. ಮೂರನ್ನೂ ಹಿಂದಿನ ಸಂಜೆಯೇ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಮಳೆ, ಕರೆಂಟು, ರೇಟು: ಇಲ್ಲಿ ತಪ್ಪಬಾರದು

ಇದನ್ನು ಬರೀ ಪ್ರಕಟಣೆ ಎಂದು ಉದಾಸೀನ ಮಾಡುವವರಿದ್ದಾರೆ. ಬೆಳಗಿನ ಕಾರ್ಯಕ್ರಮದ ಅತ್ಯಂತ ಬೆಲೆಬಾಳುವ ನಿಮಿಷಗಳು ಇವೇ.

ಹವಾಮಾನ ಇಲಾಖೆಯ ವಾಕ್ಯವನ್ನು ಹಾಗೇ ಓದಿದರೆ ಅರ್ಥವಾಗುವುದಿಲ್ಲ. "ಜಿಲ್ಲೆಯ ಹಲವೆಡೆ ಹಗುರದಿಂದ ಸಾಧಾರಣ ಮಳೆಯಾಗುವ ಸಂಭವವಿದೆ" ಎಂದರೆ ರಾಗಿ ಹರಡಿದವರು ಒಳಗೆ ತರಬೇಕೋ ಬೇಡವೋ? ಹೀಗೆ ಹೇಳಿ: "ಮಧ್ಯಾಹ್ನದ ತನಕ ಬಿಸಿಲು ಇರುತ್ತೆ. ಸಂಜೆ ನಾಲ್ಕರ ಮೇಲೆ ಬಾಗೇಪಲ್ಲಿ, ಗುಡಿಬಂಡೆ ಕಡೆ ಮಳೆ ಬರಬಹುದು. ಕಣದಲ್ಲಿ ರಾಗಿ ಹಾಕಿರೋರು ಮೂರು ಗಂಟೆಗೆಲ್ಲ ಟಾರ್ಪಾಲ್ ರೆಡಿ ಇಟ್ಕೊಳ್ಳಿ." 'ಭಾರಿ ಮಳೆ' ಎಂಬ ಮಾತನ್ನು ಜೋಪಾನವಾಗಿ ಬಳಸಿ. ಇಲಾಖೆಯ ಲೆಕ್ಕದಲ್ಲಿ ಅದು 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ದಿನಾ ಭಾರಿ ಭಾರಿ ಎಂದರೆ ನಿಜಕ್ಕೂ ಬಂದ ದಿನ ಯಾರೂ ಎಚ್ಚರವಾಗುವುದಿಲ್ಲ. ನಮ್ಮ ರೈತರು ತಾರೀಕಿಗಿಂತ ನಕ್ಷತ್ರದಲ್ಲಿ ಮಳೆಯನ್ನು ನೆನಪಿಡುತ್ತಾರೆ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ಒಂದೊಂದು ಸುಮಾರು ಹದಿಮೂರು ಹದಿನಾಲ್ಕು ದಿನ. "ಇವತ್ತಿನಿಂದ ಪುನರ್ವಸು ಮಳೆ ಹುಟ್ಟುತ್ತೆ" ಎಂದು ಶುರು ಮಾಡಿ ಆಮೇಲೆ ಮುನ್ಸೂಚನೆ ಹೇಳಿ. ಎರಡೂ ಬೇರೆ ಬೇರೆ ಎಂಬುದು ಕೇಳುಗರಿಗೆ ಗೊತ್ತಾಗುವಂತೆ ಹೇಳಿ: ಒಂದು ಪಂಚಾಂಗದ ಲೆಕ್ಕ, ಇನ್ನೊಂದು ಇಲಾಖೆಯ ಅಂದಾಜು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳಿವೆ. ನಿನ್ನೆ ಯಾವ ಪಂಚಾಯಿತಿಯಲ್ಲಿ ಎಷ್ಟು ಮಳೆ ಬಿತ್ತು ಎಂಬುದು ಮುನ್ಸೂಚನೆಯಷ್ಟೇ ಆಸಕ್ತಿಯಿಂದ ಕೇಳುವ ಸುದ್ದಿ.

ಮಾರುಕಟ್ಟೆ ದರದಲ್ಲಿ ಆಗುವ ದೊಡ್ಡ ತಪ್ಪು, ಅತಿ ಹೆಚ್ಚಿನ ಬೆಲೆಯೊಂದನ್ನೇ ಹೇಳುವುದು. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸಿನ ಮೇಲೆ ರೇಟು ನಡೆಯುತ್ತದೆ. ಒಂದೆರಡು ಒಳ್ಳೆಯ ಲಾಟಿಗೆ ಬಿದ್ದ ಬೆಲೆಯನ್ನು ಉತ್ಸಾಹದಿಂದ ಹೇಳಿದಿರಿ ಎನ್ನಿ. ಅದನ್ನು ನಂಬಿ ಮುಳಬಾಗಿಲಿನ ರೈತರು ಇನ್ನೂ ಎರಡು ದಿನ ಬಿಡಬಹುದಾಗಿದ್ದ ಕಾಯಿ ಕೀಳುತ್ತಾರೆ, ಬಾಡಿಗೆ ಕೊಟ್ಟು ಸಾಗಿಸುತ್ತಾರೆ, ಅಲ್ಲಿ ಅರ್ಧ ಬೆಲೆ ಸಿಗುತ್ತದೆ. ಹಾಗಾಗಿ ಯಾವಾಗಲೂ ಮೂರು ಅಂಕಿ: ಕಡಿಮೆ, ಹೆಚ್ಚು, ಮತ್ತು ಹೆಚ್ಚು ಮಾಲು ಮಾರಾಟವಾದ ಬೆಲೆ. ಮೂರನೆಯದೇ ಮುಖ್ಯ, ಅದನ್ನು ಕೊನೆಗೆ ಹೇಳಿ, ಎರಡು ಸಲ ಹೇಳಿ. ಅಳತೆಯನ್ನು ಪ್ರತಿ ಸಲವೂ ಜೊತೆಗೇ ಹೇಳಬೇಕು. ಟೊಮೆಟೊ ಬಾಕ್ಸಿಗೆ, ತಿಪಟೂರು ಕೊಬ್ಬರಿ ಕ್ವಿಂಟಾಲಿಗೆ, ಶಿಡ್ಲಘಟ್ಟದ ರೇಷ್ಮೆ ಗೂಡು ಕೆ.ಜಿ.ಗೆ, ಗೂಡಿನಲ್ಲೂ ಮಿಶ್ರತಳಿ ಬೇರೆ, ಬೈವೋಲ್ಟೀನ್ ತಳಿ ಬೇರೆ. ಬೆಳಿಗ್ಗೆ ನೀವು ಹೇಳುತ್ತಿರುವುದು ನಿನ್ನೆಯ ದರ, ಇವತ್ತಿನ ಹರಾಜು ಇನ್ನೂ ಮುಗಿದಿಲ್ಲ. "ನಿನ್ನೆ" ಎಂಬ ಮಾತು ಬಿಟ್ಟರೆ ಅದು ಸುಳ್ಳು ಮಾಹಿತಿಯಾಗುತ್ತದೆ.

ಕರೆಂಟಿನ ವಿಷಯ ಉಪಕೇಂದ್ರ ಅಥವಾ ಸೆಕ್ಷನ್ ಕಚೇರಿಯಿಂದಲೇ ಬರಬೇಕು. ಮೂರೂ ಜಿಲ್ಲೆಗಳೂ ಬೆಸ್ಕಾಂ ವ್ಯಾಪ್ತಿಯಲ್ಲಿವೆ. ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು ಎಂದು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಿ. ಅಲ್ಲಿ ಹೆಸರು, ಹೊತ್ತು ದಾಖಲಾಗದ ಯಾವ ಪ್ರಕಟಣೆಯೂ ಮೈಕಿಗೆ ಹೋಗಬಾರದು. ವಾಟ್ಸಪ್ ಗುಂಪಿನಲ್ಲಿ ಓಡಾಡುವ "ನಾಳೆ ಶಾಲೆಗೆ ರಜೆ" ಎಂಬ ಸಂದೇಶ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬರುತ್ತದೆ. ಜಿಲ್ಲಾಡಳಿತದ ಅಥವಾ ಶಿಕ್ಷಣ ಇಲಾಖೆಯ ಕಡೆಯಿಂದ ಖಾತ್ರಿಯಾಗುವವರೆಗೆ "ಹಾಗಂತೆ" ಎಂದು ಸಹ ಹೇಳಬೇಡಿ.

ಕಾನೂನಿನ ಗೆರೆ ಇಲ್ಲೇ ಬರುತ್ತದೆ. ಸಮುದಾಯ ಬಾನುಲಿಯಲ್ಲಿ ಸ್ವಂತ ವಾರ್ತೆ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಬದಲಾಯಿಸದೆ ಮರುಪ್ರಸಾರ ಮಾಡಬಹುದು. ಆದರೆ ಹವಾಮಾನ, ಸಂಚಾರ, ಕ್ರೀಡೆ, ಹಬ್ಬ ಜಾತ್ರೆ, ಪರೀಕ್ಷೆ ಫಲಿತಾಂಶ, ಕಾಲೇಜು ಪ್ರವೇಶ, ಉದ್ಯೋಗ ಅವಕಾಶ, ನೀರು ಕರೆಂಟಿನ ಪ್ರಕಟಣೆ, ಆರೋಗ್ಯ ಎಚ್ಚರಿಕೆ, ನೈಸರ್ಗಿಕ ವಿಕೋಪದ ಮಾಹಿತಿ ಇವನ್ನು ವಾರ್ತೆಯೆಂದು ಎಣಿಸುವುದಿಲ್ಲ. ಬೆಳಗಿನ ಕಾರ್ಯಕ್ರಮಕ್ಕೆ ಬೇಕಾದದ್ದು ಬಹುಪಾಲು ಇದರೊಳಗೇ ಇದೆ.

ದಿನದ ಮುಖ್ಯ ವಿಷಯ ಕಟ್ಟುವ ಬಗೆ

ಆರು ನಿಮಿಷದ ಈ ತುಂಡೇ ಜನ ನೆನಪಿಡುವಂಥದ್ದು. ಆಯ್ಕೆಗೆ ಒಂದೇ ಪರೀಕ್ಷೆ: ಇದನ್ನು ಕೇಳಿದವರು ಡೈರಿ ಹತ್ತಿರ ಇನ್ನೊಬ್ಬರಿಗೆ ಒಂದೇ ವಾಕ್ಯದಲ್ಲಿ ಹೇಳಬಲ್ಲರೆ? ಆ ವಾಕ್ಯವನ್ನು ಮೊದಲು ಹಾಳೆಯ ಮೇಲ್ಭಾಗದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ವಿಷಯ ಇನ್ನೂ ಪಕ್ವವಾಗಿಲ್ಲ.

"ವಿದ್ಯುತ್ತಿನ ಇತಿಹಾಸ" ಎಂಬುದು ವಿಷಯವೇ ಅಲ್ಲ. "ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಕೆಜಿಎಫ್‌ಗೆ ಕರೆಂಟ್ ಬಂದಿತ್ತು" ಎಂಬುದು ವಿಷಯ. ಅದನ್ನು ಕೇಳುಗರ ಕೈಯಲ್ಲಿನ ಕೆಲಸದಿಂದ ಶುರು ಮಾಡಿ:

"ಈಗ ಹತ್ತು ನಿಮಿಷದ ಹಿಂದೆ ಮೋಟಾರ್ ಸ್ವಿಚ್ ಹಾಕಿರ್ತೀರ ಅಲ್ವಾ? ಆ ತಂತಿ ನಮ್ಮ ಜಿಲ್ಲೆಗೆ ಮೊದಲು ಬಂದಿದ್ದು ಯಾವಾಗ ಗೊತ್ತಾ? 1902. ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ಕೊಟ್ರು. ಬೆಂಗಳೂರು ಬೀದಿಗೆ ದೀಪ ಬಂದಿದ್ದು 1905ಕ್ಕೆ. ಅಂದ್ರೆ ಮೂರು ವರ್ಷ ನಾವೇ ಮುಂದೆ. ಆ ಗಣಿಯಲ್ಲಿ ದುಡಿದವರೊಬ್ಬರು ಈಗ ನಮ್ಮ ಜೊತೆ ಇದ್ದಾರೆ. ಒಳಗೆ ಇಳಿದಾಗ ಬೆಳಕು ಹೇಗಿರ್ತಿತ್ತು ಅಂತ ಕೇಳೋಣ."

ಇಲ್ಲಿ ಕಟ್ಟಿದ ಕ್ರಮ ಗಮನಿಸಿ. ಮೊದಲು ಈಗಷ್ಟೇ ಮಾಡಿದ ಕೆಲಸ, ಆಮೇಲೆ ಒಂದು ಪ್ರಶ್ನೆ, ಎರಡು ಇಸವಿ ಮಾತ್ರ, ನಂತರ ಒಬ್ಬ ಮನುಷ್ಯನ ದನಿ. ಗಣಿ ಮುಚ್ಚಿದ್ದು 2001ರಲ್ಲಿ, ಆದ್ದರಿಂದ ಒಳಗೆ ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಪುಸ್ತಕದಿಂದ ಸಿಗುವ ಮಾಹಿತಿ ಒಂದು ನಿಮಿಷ, ಬಾಯಿಂದ ಬರುವ ನೆನಪು ನಾಲ್ಕು ನಿಮಿಷ ಇರಲಿ. ಇದನ್ನು ತಿರುಗಿಸಿದರೆ ಪಾಠವಾಗುತ್ತದೆ.

ಹೀಗೆ ಬಳಸಬಹುದಾದ ವಿಷಯಗಳು ನಮ್ಮ ಸುತ್ತ ರಾಶಿ ಬಿದ್ದಿವೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರ್, ಗುಬ್ಬಿ ವೀರಣ್ಣನವರ ಕಂಪನಿಯ ರಂಗಸಜ್ಜಿಕೆ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು, ಕೈವಾರ ತಾತಯ್ಯನವರ ತತ್ವಪದಗಳು. ಆದರೆ "ಇಂದಿನ ದಿನ ವಿಶೇಷ" ಎಂದು ಜಯಂತಿಗಳ ಪಟ್ಟಿ ಓದುವ ಅಭ್ಯಾಸ ಬಿಡಿ. ಆ ಊರಿನ ದಾರಿಯಲ್ಲಿ ಇವತ್ತು ಬಸ್ಸಿನಲ್ಲಿ ಹಾದುಹೋಗುವವರು ಕಿಟಕಿಯಿಂದ ಏನು ನೋಡಬಹುದು ಎಂದು ಹೇಳಿದರೆ ಮಾತ್ರ ಅದು ಬೆಳಗಿಗೆ ಹೊಂದುತ್ತದೆ.

ವಾರಕ್ಕೆ ಎರಡು ದಿನವಾದರೂ ಕೃಷಿ ಇರಲಿ. ಚಿಂತಾಮಣಿ ಬಳಿಯ ಕುರುಬೂರು, ಕೋಲಾರದ ಟಮಕ, ತುಮಕೂರು ಹತ್ತಿರದ ಹಿರೇಹಳ್ಳಿ, ತಿಪಟೂರಿನ ಕೊನೇಹಳ್ಳಿ ಇಲ್ಲೆಲ್ಲ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿನ ವಿಜ್ಞಾನಿಗಳು ತಿಳಿದವರು, ಆದರೆ ಹೆಕ್ಟೇರಿನಲ್ಲಿ, ಶೇಕಡಾವಾರಿನಲ್ಲಿ ಮಾತಾಡುತ್ತಾರೆ. ರೆಕಾರ್ಡಿಂಗಿಗೆ ಮೊದಲೇ ಕೇಳಿಕೊಳ್ಳಿ: "ಸರ್, ಎಕರೆ ಲೆಕ್ಕದಲ್ಲಿ ಹೇಳಿ, ಔಷಧಿ ಆದ್ರೆ ಕ್ಯಾನಿಗೆ ಎಷ್ಟು ಅಂತ ಹೇಳಿ." ಲೀಟರಿಗೆ 2 ಮಿ.ಲೀ. ಎಂದರೆ 16 ಲೀಟರ್ ಸಿಂಪಡಣೆ ಕ್ಯಾನಿಗೆ 32 ಮಿ.ಲೀ. ಎಂದು ಅವರ ಬಾಯಲ್ಲೇ ಬರಲಿ. ಔಷಧಿಯ ಹೆಸರು ಮತ್ತು ಪ್ರಮಾಣವನ್ನು ನಿರೂಪಕರು ನೆನಪಿನಿಂದ ಹೇಳಬಾರದು, ತಜ್ಞರ ದನಿಯನ್ನೇ ಎರಡು ಸಲ ಕೇಳಿಸಿ. ಒಂದು ದಿನಕ್ಕೆ ಒಂದು ಬೆಳೆ, ಒಂದು ತೊಂದರೆ. ರೇಷ್ಮೆ ಎಂದರೆ ಊಜಿ ನೊಣ ಒಂದೇ: ಹುಳುವಿನ ಮೈಮೇಲಿನ ಕಪ್ಪು ಚುಕ್ಕೆ ಹೇಗೆ ಕಾಣುತ್ತದೆ, ಹುಳು ಮನೆಯ ಬಾಗಿಲು ಕಿಟಕಿಗೆ ನೈಲಾನ್ ಬಲೆ ಹೇಗೆ ಹಾಕಬೇಕು. ಅದೇ ಆರು ನಿಮಿಷದಲ್ಲಿ ಸುಣ್ಣಕಟ್ಟು ರೋಗವನ್ನೂ ತುರುಕಿದರೆ ಎರಡೂ ಮರೆತುಹೋಗುತ್ತವೆ.

ಇದರ ಜೊತೆ ದಿನಕ್ಕೊಂದು ಒಗಟು. 7.05ಕ್ಕೆ ಕೇಳಿ, 7.50ಕ್ಕೆ ಉತ್ತರ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದರೆ ಹೂ ಕೀಳುತ್ತಿರುವ ಅಮ್ಮನಿಗೆ ಕೂಡಲೇ ಹೊಳೆಯುತ್ತದೆ, ಶಾಲೆಗೆ ಹೊರಟ ಹುಡುಗ ದಾರಿಯುದ್ದಕ್ಕೂ ಯೋಚಿಸುತ್ತಾನೆ. ಮನೆಯಲ್ಲಿ ಅಜ್ಜಿ ಮೊಮ್ಮಗ ಇಬ್ಬರೂ ಸೇರಿ ಕೇಳುವ ತುಂಡು ಇದೊಂದೇ ಇರಬಹುದು. ಕೆಲವು ವಾರಗಳಲ್ಲಿ ನಿಮ್ಮ ಸಂಗ್ರಹ ಮುಗಿಯುತ್ತದೆ, ಆಗ ಊರ ಹೆಸರಿನೊಂದಿಗೆ ಒಗಟು ಕಳಿಸಲು ಕೇಳಿ. ಬಹುಮಾನ ಬೇಡ. "ಇದು ಕೊರಟಗೆರೆ ಕಡೆಯಿಂದ ಬಂದ ಒಗಟು" ಎಂದು ಹೇಳುವುದೇ ಸಾಕು.

ಊರಿನ ದನಿ ಹಿಡಿಯುವುದು

ಸಾಮಾನ್ಯ ಮೊಬೈಲ್ ಸಾಕು, ಹಿಡಿಯುವ ರೀತಿ ಗೊತ್ತಿರಬೇಕು. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಫೋನಿನ ಕೆಳಗಿನ ತುದಿ ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಎದುರಿಗಲ್ಲದೆ ಸ್ವಲ್ಪ ಓರೆಯಾಗಿ ಇರಲಿ. ಎದುರಿಗೆ ಹಿಡಿದರೆ 'ಪ', 'ಬ' ಅಕ್ಷರಗಳಿಗೆ ಉಸಿರು ಬಡಿದು ಗುಂಯ್ ಎನ್ನುತ್ತದೆ. ಬಯಲಿನಲ್ಲಿ ಗಾಳಿ ದೊಡ್ಡ ಶತ್ರು. ನಂದಿ, ಸ್ಕಂದಗಿರಿ ಕಡೆಯಂತೂ ಬೆಳಿಗ್ಗೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಮೈಕಿಗೆ ಸ್ಪಂಜಿನ ಟೋಪಿ ಹಾಕಿಯೇ ರೆಕಾರ್ಡ್ ಮಾಡಬೇಕು. ಟೈಲ್ಸ್ ಹಾಕಿದ ಖಾಲಿ ಕೋಣೆಗಿಂತ ಹುಲ್ಲಿನ ಮೆದೆ ಪಕ್ಕ, ಬಟ್ಟೆ ತುಂಬಿದ ಕೋಣೆ ಎಷ್ಟೋ ಮೇಲು, ಅಲ್ಲಿ ದನಿ ಪ್ರತಿಧ್ವನಿಸುವುದಿಲ್ಲ. ಮಾತು ಮುಗಿದ ಮೇಲೆ ಅಲ್ಲೇ ಅರ್ಧ ನಿಮಿಷ ಸುಮ್ಮನೆ ಸುತ್ತಲ ಸದ್ದು ರೆಕಾರ್ಡ್ ಮಾಡಿಕೊಳ್ಳಿ: ಹಸುವಿನ ಗಂಟೆ, ಕ್ಯಾನಿನ ಸದ್ದು, ಹರಾಜು ಕೂಗುವ ದನಿ. ಮಾತು ಕತ್ತರಿಸಿ ಜೋಡಿಸಿದ ಕಡೆ ಅದನ್ನು ಕೆಳಗೆ ಹಾಸಿದರೆ ಜೋಡಣೆ ಗೊತ್ತಾಗುವುದಿಲ್ಲ.

ಮೊದಲು ಹೆಸರು, ಊರು, "ಇದನ್ನ ರೇಡಿಯೋದಲ್ಲಿ ಹಾಕಬಹುದಾ?" ಎಂಬ ಪ್ರಶ್ನೆ, ಅವರ ಒಪ್ಪಿಗೆ, ಎಲ್ಲವೂ ರೆಕಾರ್ಡಿನಲ್ಲೇ ಇರಲಿ. ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಬೇಡಿ. "ಈ ಸಲ ಮಾವು ಚೆನ್ನಾಗಿದೆಯಾ?" ಎಂದರೆ "ಪರವಾಗಿಲ್ಲ" ಎಂದು ಮುಗಿಯುತ್ತದೆ. "ಹೂ ಬಿಟ್ಟಾಗಿಂದ ಏನೇನಾಯ್ತು ಹೇಳಣ್ಣ" ಎಂದರೆ ಶ್ರೀನಿವಾಸಪುರದ ಬೆಳೆಗಾರರು ಹತ್ತು ನಿಮಿಷ ಹೇಳುತ್ತಾರೆ. ಅವರು ನಿಲ್ಲಿಸಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ, ಒಳ್ಳೆಯ ಮಾತು ಎಷ್ಟೋ ಸಲ ಆ ಮೌನದ ನಂತರವೇ ಬರುತ್ತದೆ. ಹತ್ತು ನಿಮಿಷದಿಂದ ಒಂದು ನಿಮಿಷ ತೆಗೆಯಿರಿ. ಉಸಿರನ್ನೆಲ್ಲ ಕತ್ತರಿಸಬೇಡಿ, ಯಂತ್ರ ಮಾತಾಡಿದಂತಾಗುತ್ತದೆ. ಎಡಿಟಿಂಗ್ ಮೀಟರಿನಲ್ಲಿ ದನಿಯ ಜೋರು ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯ, ಎಲ್ಲ ತುಂಡುಗಳೂ ಒಂದೇ ಮಟ್ಟದಲ್ಲಿ ಕೇಳಬೇಕು. ಒಂದು ದನಿ ಸಣ್ಣದಾಗಿ, ಹಿಂದೆಯೇ ಜಾಹೀರಾತು ಜೋರಾಗಿ ಬಂದರೆ ಮನೆಯಲ್ಲಿ ರೇಡಿಯೋ ಆಫ್ ಆಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಜನ ಮಾತಿನ ನಡುವೆ ತೆಲುಗಿಗೆ ಹೊರಳುತ್ತಾರೆ. ಅದನ್ನು ಕತ್ತರಿಸಬೇಡಿ, "ಕನ್ನಡದಲ್ಲಿ ಹೇಳಿ" ಎಂದು ತಡೆಯಲೂ ಬೇಡಿ. ಅವರ ಮಾತು ಮುಗಿದ ಮೇಲೆ ನಿರೂಪಕರು ಒಂದು ವಾಕ್ಯದಲ್ಲಿ ಕನ್ನಡದ ಸಾರ ಹೇಳಿದರೆ ಸಾಕು. ಸ್ವಂತ ಭಾಷೆಯಲ್ಲಿ ಮಾತಾಡುವಾಗ ಬರುವ ಧೈರ್ಯ ಬೇರೆ ಯಾವುದರಿಂದಲೂ ಬರುವುದಿಲ್ಲ.

ಬಾಯಿಗೆ ಒಗ್ಗುವ ಬರವಣಿಗೆ

ಎಲ್ಲವನ್ನೂ ಬರೆಯಿರಿ, ಆದರೆ ಓದಿದಂತೆ ಕೇಳಬಾರದು. ಬರೆದದ್ದನ್ನು ಗಟ್ಟಿಯಾಗಿ ಹೇಳಿ ನೋಡಿ, ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ಎಂಟು ಹತ್ತು ಪದ ಮೀರಿದರೆ ಸಾಮಾನ್ಯವಾಗಿ ಉದ್ದವಾಯಿತು. ನಿಮ್ಮ ವೇಗ ತಿಳಿಯಲು ಒಂದು ನಿಮಿಷ ಓದಿ ಪದ ಎಣಿಸಿ, ಆಮೇಲೆ ಎರಡು ನಿಮಿಷದ ತುಂಡಿಗೆ ಎಷ್ಟು ಬರೆಯಬೇಕೆಂದು ತಾನಾಗಿ ಗೊತ್ತಾಗುತ್ತದೆ. ಒಂದು ತುಂಡಿನಲ್ಲಿ ಎರಡು ಅಂಕಿಗಿಂತ ಹೆಚ್ಚು ಬೇಡ, ಮಾರುಕಟ್ಟೆ ದರ ಮಾತ್ರ ಇದಕ್ಕೆ ಹೊರತು.

"ಪ್ರಿಯ ಕೇಳುಗ ಬಾಂಧವರೇ" ಎಂದಾಗ ಯಾರಿಗೂ ತನ್ನನ್ನು ಕರೆದರು ಅನ್ನಿಸುವುದಿಲ್ಲ. ಒಬ್ಬರಿಗೇ ಹೇಳುವಂತೆ "ನೀವು" ಎಂದು ಮಾತಾಡಿ. ಕರೆ ಮಾಡಿದವರನ್ನು ವಯಸ್ಸು ನೋಡಿ ಅಣ್ಣ, ಅಕ್ಕ, ಅಮ್ಮ, ತಾತ ಎಂದು ಕರೆಯಿರಿ. ಮೇಷ್ಟ್ರು, ಡಾಕ್ಟ್ರು ಇದ್ದರೆ ಹಾಗೇ. ಊರಿನವರ "ಬಂದವ್ರೆ, ಮಾಡ್ತಾವ್ರೆ" ಎಂಬ ಮಾತನ್ನು ನಗು ಬರಿಸಲು ಅಣಕಿಸುವುದು ಅತ್ಯಂತ ಕೆಟ್ಟ ಅಭ್ಯಾಸ. ಅದು ನಿಮ್ಮ ಸಹಜ ಮಾತಾಗಿದ್ದರೆ ಹಾಗೇ ಆಡಿ, ಇಲ್ಲದಿದ್ದರೆ ನಿಮ್ಮದೇ ಮಾತು ಆಡಿ.

ಹಾಡಿನ ಬಗ್ಗೆ ಚಿಕ್ಕದಾಗಿ. ಸಿನಿಮಾ ಹಾಡಿಗೆ ಹಕ್ಕುದಾರ ಸಂಸ್ಥೆಗಳ ಪರವಾನಗಿ ಬೇಕು, ಅದನ್ನು ಮೊದಲೇ ಸರಿಮಾಡಿಕೊಳ್ಳಿ. ಪ್ರತಿ ಹಾಡಿನ ಮುಂದೆ ದನಿ ಶುರುವಾಗುವ ಮೊದಲಿನ ವಾದ್ಯ ಎಷ್ಟು ಸೆಕೆಂಡ್ ಎಂದು ಬರೆದಿಡಿ, ಅಷ್ಟರಲ್ಲೇ ಮಾತು ಮುಗಿಸಿ, ಪಲ್ಲವಿಯ ಮೇಲೆ ಮಾತಾಡಬೇಡಿ. ರಾಗಿ ಬೀಸುವ ಪದ, ಸೋಬಾನೆ, ತತ್ವಪದಗಳನ್ನು ಊರಿನವರಿಂದಲೇ ಹಾಡಿಸಿ ರೆಕಾರ್ಡ್ ಮಾಡಿ. ಗಂಟೆಗೆ ಒಂದಾದರೂ ಇರಲಿ. ಹಾಡಿದವರ ಹೆಸರು ಊರು ಹೇಳದೆ ಹಾಕಬಾರದು.

ಹಿಂದಿನ ಸಂಜೆ ಮತ್ತು ಬೆಳಗಿನ ಐದು ಗಂಟೆ

ಬೆಳಗಿನ ಕಾರ್ಯಕ್ರಮ ಸಿದ್ಧವಾಗುವುದು ಹಿಂದಿನ ಸಂಜೆ. ನಾಲ್ಕು ಗಂಟೆಗೆ ಮಾರುಕಟ್ಟೆ ದರ, ಐದಕ್ಕೆ ಕರೆಂಟು ನೀರಿನ ಪ್ರಕಟಣೆ, ಆರಕ್ಕೆ ಹವಾಮಾನ, ಏಳರೊಳಗೆ ಮುಖ್ಯ ವಿಷಯದ ಎಡಿಟಿಂಗ್ ಮುಗಿದು ಒಂದು ಸಲ ಪೂರ್ತಿ ಕೇಳಿರಬೇಕು. ಬೆಳಿಗ್ಗೆ ಬಂದು ಹುಡುಕುವುದೆಂದರೆ ಗಾಳಿಸುದ್ದಿಗೆ ಬಾಗಿಲು ತೆರೆದಂತೆ. ಐದು ಗಂಟೆಗೆ ಬದಲಾಗುವುದು ಹವಾಮಾನ ಮತ್ತು ಕರೆಂಟು ಮಾತ್ರ, ಅವೆರಡನ್ನು ಮತ್ತೆ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಯುಪಿಎಸ್ ಚಾರ್ಜ್ ನೋಡಿ, ಮೈಕಿನಲ್ಲಿ ಒಂದು ವಾಕ್ಯ ಹೇಳಿ ಹೆಡ್‌ಫೋನಿನಲ್ಲಿ ಕೇಳಿ, ಒಂದು ಲೋಟ ಬಿಸಿನೀರು ಕುಡಿಯಿರಿ. ಕಂಪ್ಯೂಟರ್ ಕೈಕೊಟ್ಟರೆ ಹಾಕಲು ಹತ್ತು ನಿಮಿಷದ ಒಂದು ರೆಕಾರ್ಡಿಂಗ್ ಬೇರೆ ಫೋನಿನಲ್ಲಿ ಅಥವಾ ಪ್ಲೇಯರಿನಲ್ಲಿ, ಮಿಕ್ಸರಿಗೆ ತಂತಿ ಸಿಕ್ಕಿಸಿಯೇ ಇರಲಿ. ಪ್ರಸಾರದಲ್ಲಿ ಹತ್ತು ಸೆಕೆಂಡ್ ಮೌನವಾದರೆ ಕೇಳುಗರು ಬೇರೆ ಕೇಂದ್ರ ತಿರುಗಿಸುತ್ತಾರೆ.

ಪ್ರಸಾರದ ನಂತರ

ವಾರಕ್ಕೊಮ್ಮೆಯಾದರೂ ನಿಮ್ಮ ಕಾರ್ಯಕ್ರಮವನ್ನು ಸ್ಟುಡಿಯೋ ಹೊರಗೆ ಕೇಳಿ: ಆಟೋದಲ್ಲಿ, ಹೋಟೆಲಿನ ಹಳೆಯ ಸೆಟ್ಟಿನಲ್ಲಿ, ಡೈರಿಯ ಗದ್ದಲದಲ್ಲಿ. ಹೆಡ್‌ಫೋನಿನಲ್ಲಿ ಸೊಗಸಾಗಿ ಕೇಳುವ ಹಿನ್ನೆಲೆ ಸಂಗೀತ ಅಲ್ಲಿ ಮಾತನ್ನು ನುಂಗಿಬಿಡುತ್ತದೆ. ಸಮುದಾಯ ಕೇಂದ್ರದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತ, ಹತ್ತರಿಂದ ಹದಿನೈದು ಕಿಲೋಮೀಟರ್ ಮಾತ್ರ ತಲುಪುತ್ತದೆ. ಬೆಟ್ಟದ ಮರೆಯ ಹಳ್ಳಿಗಳಿಗೆ ಅಷ್ಟೂ ಇಲ್ಲ. ಯಾವ ಊರಿಗೆ ಕೇಳುವುದಿಲ್ಲ ಎಂದು ನಕ್ಷೆಯಲ್ಲಿ ಗುರುತು ಮಾಡಿ, ಆ ಊರಿನವರಿಗೆ ಮುಖ್ಯ ತುಂಡುಗಳನ್ನು ವಾಟ್ಸಪ್‌ನಲ್ಲಿ ಕಳಿಸಿ.

ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾಯ್ದಿಡುವುದು ಪರವಾನಗಿಯ ಷರತ್ತು. ಅದೇ ನಿಮ್ಮ ಪಾಠದ ಪುಸ್ತಕವೂ ಹೌದು. ಕರೆಗಳ ಪುಸ್ತಕದಲ್ಲಿ ದಿನಾಂಕ, ಊರು, ಯಾವ ತುಂಡಿನ ಬಗ್ಗೆ ಕರೆ ಎಂದು ಬರೆಯಿರಿ. ಹೊಗಳಿಕೆಯ ಕರೆಗಿಂತ "ಇವತ್ತು ಯಾಕೆ ಗೂಡಿನ ರೇಟು ಹೇಳಲಿಲ್ಲ?" ಎಂಬ ಸಿಟ್ಟಿನ ಕರೆಗೆ ಹೆಚ್ಚು ಬೆಲೆ ಕೊಡಿ, ಆ ತುಂಡನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಆರು ವಾರ ಕಳೆದರೂ ಒಂದೂ ಕರೆ ತರದ, ಯಾರ ಬಾಯಲ್ಲೂ ಕೇಳದ ತುಂಡನ್ನು ನಿಲ್ಲಿಸಿ. ನಿಲ್ಲಿಸುವ ಮೊದಲು ಒಂದು ವಾರ ಅದೇ ಹೊತ್ತಿನಲ್ಲಿ ಹೇಳಿ: ಮುಂದಿನ ಸೋಮವಾರದಿಂದ ಇದು ಇರುವುದಿಲ್ಲ, ಇದೇ ಹೊತ್ತಿಗೆ ಇಂಥದ್ದು ಬರುತ್ತದೆ ಎಂದು. ಆ ವಾರದಲ್ಲಿ "ಬೇಡ, ನಿಲ್ಲಿಸಬೇಡಿ" ಎಂದು ಮೂರು ಬೇರೆ ಬೇರೆ ಊರುಗಳಿಂದ ಕರೆ ಬಂದರೆ, ಹೊತ್ತು ಬದಲಿಸಿ ಇನ್ನೂ ಒಂದು ತಿಂಗಳು ನಡೆಸಿ ನೋಡಿ.